ಭವಿಷ್ಯ ಹೇಳಿದವರ ಹಳೇ ಚೀಟಿ ಯಾರ ಹತ್ತಿರ ಇದೆ?

ಭವಿಷ್ಯ ಹೇಳುವವರ ಮೇಲೆ ನನಗೆ ಅಂಥಾ ಸಿಟ್ಟಿಲ್ಲ. ಕೈಮುಗಿದು ಕೇಳುವವರ ಮೇಲಂತೂ ಇಲ್ಲವೇ ಇಲ್ಲ. ನನ್ನ ಸಿಟ್ಟೆಲ್ಲ ಮೂರನೆಯವರ ಮೇಲೆ. ಎಲ್ಲಾ ಆಗಿ ಹೋದಮೇಲೆ "ನೋಡ್ರಿ, ಆವಾಗ್ಲೇ ಹೇಳಿದ್ರು, ನಾವ ತಿಳಕೊಳ್ಳಲಿಲ್ಲ" ಅಂತ ವಾಟ್ಸಾಪಿನಲ್ಲಿ ಕಳಿಸುತ್ತಾರಲ್ಲ, ಅವರ ಮೇಲೆ. ಯಾವಾಗ ಹೇಳಿದ್ದರು? ಯಾವ ಮಾತಿನಲ್ಲಿ ಹೇಳಿದ್ದರು? ಅದರ ಜೊತೆ ಇನ್ನೇನೇನು ಹೇಳಿದ್ದರು, ಅವುಗಳಲ್ಲಿ ಎಷ್ಟು ಆಗಲಿಲ್ಲ? ಇಷ್ಟು ಕೇಳಿದರೆ ಸಾಕು, ನಾವು ನಾಸ್ತಿಕರು, ಊರು ಕೆಡಿಸುವವರು!

ನಮ್ಮ ಕಡೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ನಮ್ಮದು ಬೇಡಕಿಹಾಳ. ಬೆಳಗಾವಿ ಜಿಲ್ಲೆಯ ಗಡಿ ಮೂಲೆ. ಅರ್ಧ ಮಾತು ಕನ್ನಡ, ಅರ್ಧ ಮರಾಠಿ, ಜಗಳಕ್ಕೆ ಎರಡೂ. ನಿಪ್ಪಾಣಿಯ ಆಚೆ ಕುರ್ಲಿ, ಅಪ್ಪಾಚಿವಾಡಿ ಅಂತ ಊರುಗಳಿವೆ. ಅಲ್ಲಿ ಹಾಲಸಿದ್ಧನಾಥನ ಜಾತ್ರೆ ದಸರಾ ಮುಗಿದು ದೀಪಾವಳಿ ಬರುವುದರೊಳಗೆ ಆಗುತ್ತದೆ. ಡೊಳ್ಳು, ಭಂಡಾರ, ಕರ್ನಾಟಕ ಮಹಾರಾಷ್ಟ್ರ ಎರಡೂ ಕಡೆಯ ಜನ. ಆ ಜಾತ್ರೆಯ ದೊಡ್ಡ ಆಕರ್ಷಣೆ ಭಾಕಣೂಕ, ಅಂದರೆ ಭವಿಷ್ಯವಾಣಿ. ಮಳೆ, ಬೆಳೆ, ಧಾರಣಿ, ರೋಗರುಜಿನ, ರಾಜಕಾರಣ, ಯುದ್ಧ, ಎಲ್ಲದರ ಮೇಲೂ ಮಾತು ಬರುತ್ತದೆ. ಮರುದಿನ ಪೇಪರಿನಲ್ಲಿ ಬರುತ್ತದೆ. ಆಮೇಲೆ ಚಹದಂಗಡಿಯಲ್ಲಿ ವಾರಗಟ್ಟಲೆ ಅದೇ ಮಾತು.

ಬೇರೆ ಕಡೆಯವರು ನಗಬೇಡಿ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಗೊರವಯ್ಯ ಬಿಲ್ಲು ಏರಿ ಒಂದೇ ಒಂದು ಸಾಲು ನುಡಿಯುತ್ತಾನೆ. ಅದು ಕಾರ್ಣಿಕ. ಆ ಒಂದು ಸಾಲಿನಲ್ಲಿ ಒಬ್ಬರಿಗೆ ಮಳೆ ಕಾಣುತ್ತದೆ, ಇನ್ನೊಬ್ಬರಿಗೆ ಮುಖ್ಯಮಂತ್ರಿ ಬದಲಾಗುವುದು ಕಾಣುತ್ತದೆ, ಮತ್ತೊಬ್ಬರಿಗೆ ಹತ್ತಿಯ ರೇಟು! ಗೊರವಯ್ಯ ಪಾಪ, ಹೇಳಿ ಇಳಿದು ಹೋದ. ಅರ್ಥ ಹೇಳುವ ಧಂಧೆ ಮಾತ್ರ ವರ್ಷವಿಡೀ ನಡೆಯುತ್ತದೆ. ಯಾದಗಿರಿ ಕಡೆ ಹೋದರೆ ಕೊಡೇಕಲ್ ಬಸವಣ್ಣನ ಕಾಲಜ್ಞಾನ ಇದೆ. ಬೆಂಗಳೂರಿನವರಿಗೆ ಬೆಳಿಗ್ಗೆ ಏಳು ಗಂಟೆಯ ಟೀವಿ ಇದೆ. ಯಾರೂ ಯಾರಿಗೂ ಕಡಿಮೆ ಇಲ್ಲ.

"ಇದೆಲ್ಲ ಮಧ್ಯಯುಗದ ಮೌಢ್ಯ ಕಣ್ರೀ" ಅಂತ ಓದಿದವರು ಒಂದು ಮಾತು ಎಸೆದು ಬಿಡುತ್ತಾರೆ. ನನಗೆ ಈ ಮಾತೇ ಒಪ್ಪಿಗೆ ಇಲ್ಲ. ಮಧ್ಯಯುಗದವರು ನಮಗಿಂತ ಎಷ್ಟೋ ಹುಷಾರಾಗಿದ್ದರು. ಭವಿಷ್ಯವಾಣಿ ಎಂದರೆ ಬೆಂಕಿ ಅಂತ ಅವರಿಗೆ ಗೊತ್ತಿತ್ತು. ರಾಜರ ಆಸ್ಥಾನದಲ್ಲೂ ಗೊತ್ತಿತ್ತು, ಮಠ ಚರ್ಚುಗಳಲ್ಲೂ ಗೊತ್ತಿತ್ತು. ಅದಕ್ಕೇ ಅವರು ಪ್ರಶ್ನೆ ಕೇಳುತ್ತಿದ್ದರು. ನಾವು ಅವರಿಂದ ನಂಬಿಕೆ ತೆಗೆದುಕೊಂಡೆವು, ಪ್ರಶ್ನೆ ಅಲ್ಲೇ ಬಿಟ್ಟು ಬಂದೆವು. ಇದು ನನ್ನ ತಕರಾರು.

ಮೊದಲು ಮನೆಯ ಉದಾಹರಣೆ ತೆಗೆದುಕೊಳ್ಳೋಣ, ಹಂಪಿಯದು. ವಿಜಯನಗರಕ್ಕೆ ಅಡಿಗಲ್ಲು ಇಡುವ ಕಥೆ ನೀವು ಕೇಳಿರುತ್ತೀರಿ. ವಿದ್ಯಾರಣ್ಯರು ಮುಹೂರ್ತ ನೋಡುತ್ತಾ ಕೂತಿದ್ದರಂತೆ. ತಾನು ಶಂಖ ಊದಿದಾಗ ಕಲ್ಲು ಇಡಿ ಅಂದಿದ್ದರಂತೆ. ಅಷ್ಟರಲ್ಲಿ ಭಿಕ್ಷೆಗೆ ಹೊರಟ ಯಾವನೋ ಬೇರೆ ಶಂಖ ಊದಿದ. ಇವರು ಗಡಬಡಿಸಿ ಕಲ್ಲು ಇಟ್ಟೇಬಿಟ್ಟರು. ಮುಹೂರ್ತ ತಪ್ಪಿತು, ಅದಕ್ಕೇ ಸಾಮ್ರಾಜ್ಯದ ಆಯುಷ್ಯ ಕಡಿಮೆಯಾಯಿತು. ಕಥೆ ಚೆನ್ನಾಗಿದೆ. ಆದರೆ ಒಂದು ಸಣ್ಣ ಪ್ರಶ್ನೆ. ಆಯುಷ್ಯ ಕಡಿಮೆ ಅಂತ ಗೊತ್ತಾದದ್ದು ಯಾವಾಗ? ಸ್ಥಾಪನೆ 1336 ಅನ್ನುತ್ತಾರೆ, ರಕ್ಕಸಗಿ ತಂಗಡಗಿಯ ಯುದ್ಧ 1565. ಊರು ಹಾಳಾದದ್ದನ್ನು ಕಣ್ಣಾರೆ ಕಂಡ ಮೇಲೆ ತಾನೇ ಈ ಶಂಖದ ಕಥೆಗೆ ಅರ್ಥ ಬರುವುದು!

ವಿದ್ಯಾರಣ್ಯರ ಹೆಸರಿನಲ್ಲಿ ಓಡಾಡುವ ಕಾಲಜ್ಞಾನದ ಗ್ರಂಥಗಳದ್ದೂ ಇದೇ ಹಣೆಬರಹ. ಹರಿಹರ ಬುಕ್ಕರಿಂದ ಹಿಡಿದು ಮುಂದೆ ಬರುವ ಅರಸರ ಸಾಲು "ಮೊದಲೇ" ಹೇಳಿಬಿಡುತ್ತವೆ. ಫಿಲಿಪ್ ವ್ಯಾಗನರ್ ಥರದ ಇತಿಹಾಸಕಾರರು ಇವುಗಳನ್ನು ಕೂತು ಓದಿದ್ದಾರೆ. ಆ ಅರಸರು ಆಳಿ ಹೋದ ಮೇಲೆ ಬರೆದದ್ದು ಅಂತ ಸ್ಪಷ್ಟ. ಹರ್ಮನ್ ಕುಲ್ಕೆ ಅಂತೂ ಸ್ಥಾಪನೆಯಲ್ಲಿ ವಿದ್ಯಾರಣ್ಯರ ಪಾತ್ರದ ಕಥೆಯೇ ಎಷ್ಟೋ ಕಾಲದ ನಂತರ ಬೆಳೆದದ್ದು ಅಂತ ವಾದ ಮಾಡಿದರು. ಯಾಕೆ ಬೆಳೆಯಿತು? ಅಧಿಕಾರ ಕಳಕೊಂಡವರಿಗೆ ಸಮಾಧಾನ ಬೇಕು, ಹೊಸದಾಗಿ ಹಿಡಿದವರಿಗೆ ಹಕ್ಕುಪತ್ರ ಬೇಕು. "ಮಹಾತ್ಮರು ಮೊದಲೇ ಹೇಳಿದ್ದರು" ಅನ್ನುವುದಕ್ಕಿಂತ ದೊಡ್ಡ ಹಕ್ಕುಪತ್ರ ಯಾವುದಿದೆ? ಗ್ರಂಥ ಕೆಟ್ಟದ್ದು ಅನ್ನುತ್ತಿಲ್ಲ. ಆ ಕಾಲದ ಜನ ಏನು ಅಂಜಿದರು, ಏನು ಆಸೆಪಟ್ಟರು ಅಂತ ತಿಳಿಯಲಿಕ್ಕೆ ಅದು ಬಂಗಾರ. ಭವಿಷ್ಯ ತಿಳಿಯಲಿಕ್ಕೆ ಮಾತ್ರ ಅಲ್ಲ.

ಇದು ನಮ್ಮ ಒಬ್ಬರದೇ ರೋಗ ಅಲ್ಲ. ಬೈಬಲ್ಲಿನ ದಾನಿಯೇಲನ ಪುಸ್ತಕದ ಬಗ್ಗೆ ಪೊರ್ಫಿರಿ ಎಂಬಾತ 3ನೇ ಶತಮಾನದಲ್ಲೇ ಇದೇ ಪ್ರಶ್ನೆ ಎತ್ತಿದ್ದ. ಆಂಟಿಯೋಕಸ್ ರಾಜನ ಕಾಲದವರೆಗೆ ಭವಿಷ್ಯ ಕೂದಲೆಳೆಯಷ್ಟೂ ತಪ್ಪುವುದಿಲ್ಲ, ಅಲ್ಲಿಂದ ಮುಂದೆ ಮಸುಕು. ಅಂದರೆ ಬರೆದವನು ಆ ರಾಜನ ಕಾಲದವನೇ ಅಂದ. ಸಂತ ಜೆರೋಮ್ ಅವನಿಗೆ ಉತ್ತರವಾಗಿ ಭಾಷ್ಯ ಬರೆಯಬೇಕಾಯಿತು. ಉತ್ತರ ಒಪ್ಪಿಗೆಯೋ ಇಲ್ಲವೋ ಆಮೇಲಿನ ಮಾತು, ಆದರೆ ಪ್ರಶ್ನೆಗೆ ಉತ್ತರ ಕೊಡಬೇಕು ಅಂತ ಅವರಿಗೆ ಅನ್ನಿಸಿತು ನೋಡಿ!

ಇಂಗ್ಲೆಂಡಿನ ನಾಲ್ಕನೇ ಹೆನ್ರಿ ಯೆರೂಸಲೇಮಿನಲ್ಲಿ ಸಾಯುತ್ತಾನೆ ಅಂತ ಭವಿಷ್ಯ ಇತ್ತಂತೆ. ಅವನು 1413ರಲ್ಲಿ ಸತ್ತದ್ದು ವೆಸ್ಟ್‌ಮಿನ್‌ಸ್ಟರಿನಲ್ಲಿ. ಹಾಗಾದರೆ ಭವಿಷ್ಯ ಸುಳ್ಳಾಯಿತೇ? ಛೆ, ಎಲ್ಲಾದರೂ ಉಂಟೇ... ಅವನು ಸತ್ತ ಕೋಣೆಯ ಹೆಸರು "ಯೆರೂಸಲೇಮ್" ಅಂತೆ! ಭವಿಷ್ಯ ಸುಳ್ಳಾಗಲಿಲ್ಲ, ಯೆರೂಸಲೇಮೇ ಒಂದು ಕೋಣೆಯಷ್ಟು ಸಣ್ಣದಾಯಿತು. ನಮ್ಮಲ್ಲಿ ನಡೆಯುವುದು ಇದೇ ತಾನೇ?

ಈಗ ನಾನು ಹೇಳಬೇಕೆಂದಿದ್ದ ಮುಖ್ಯ ವಿಷಯಕ್ಕೆ ಬರುತ್ತೇನೆ. ನಂಬಿಕೆ ಇದ್ದವರು ಪರೀಕ್ಷೆ ಮಾಡಬಾರದು ಅಂತ ನಮ್ಮಲ್ಲಿ ಒಂದು ಭಾವನೆ ಇದೆ. ಪರೀಕ್ಷೆ ಮಾಡುವುದು ನಾಸ್ತಿಕರ ಕೆಲಸ, ಭಕ್ತರು ತಲೆ ಬಾಗಿಸಬೇಕು ಅಂತ. ಕ್ರೈಸ್ತ ಧರ್ಮಶಾಸ್ತ್ರ ಓದಿದರೆ ಇದು ಪೂರ್ತಿ ತಲೆಕೆಳಗು. ಅಲ್ಲಿ ಪರೀಕ್ಷೆ ಮಾಡುವುದೇ ಭಕ್ತನ ಕೆಲಸ! ಧರ್ಮೋಪದೇಶಕಾಂಡದ 18ನೇ ಅಧ್ಯಾಯದಲ್ಲಿ ನಿಯಮ ಇಟ್ಟಿದ್ದಾರೆ. ದೇವರ ಹೆಸರಿನಲ್ಲಿ ಹೇಳಿದ್ದು ನಡೆಯದಿದ್ದರೆ ಅದು ದೇವರ ಮಾತಲ್ಲ, ಅವನಿಗೆ ಹೆದರಬೇಕಾಗಿಲ್ಲ ಅಂತ. ಪೌಲನು ಥೆಸಲೊನೀಕದವರಿಗೆ ಬರೆದದ್ದೂ ಹೀಗೇ. ಪ್ರವಾದನೆಯನ್ನು ತಾತ್ಸಾರ ಮಾಡಬೇಡಿ, ಆದರೆ ಎಲ್ಲವನ್ನೂ ಪರೀಕ್ಷಿಸಿ ಒಳ್ಳೆಯದನ್ನು ಇಟ್ಟುಕೊಳ್ಳಿ.

ಆಸ್ಥಾನದ ಭವಿಷ್ಯಗಾರರು ಹೇಗಿರುತ್ತಾರೆ ಅಂತ ತಿಳಿಯಬೇಕಾದರೆ ಅಹಾಬ ರಾಜನ ಕಥೆ ಓದಬೇಕು. ಯುದ್ಧಕ್ಕೆ ಹೋಗಲೋ ಬೇಡವೋ ಅಂತ ರಾಜ ಕೇಳಿದ. ನಾನೂರು ಪ್ರವಾದಿಗಳು ಒಂದೇ ಬಾಯಲ್ಲಿ "ಹೋಗು, ಗೆಲ್ಲುತ್ತೀ" ಅಂದರು. ಒಬ್ಬ ಕಬ್ಬಿಣದ ಕೊಂಬು ಮಾಡಿಸಿಕೊಂಡು ಬಂದು ಅಭಿನಯ ಮಾಡಿಯೂ ತೋರಿಸಿದ (ಈಗಿದ್ದಿದ್ದರೆ ಟೀವಿಯಲ್ಲಿ ಒಳ್ಳೇ ಟಿ.ಆರ್.ಪಿ. ಬರುತ್ತಿತ್ತು). ಮೀಕಾಯೆಹು ಎಂಬ ಒಬ್ಬನೇ ಒಬ್ಬ ಬೇಡ ಅಂದ. ರಾಜನಿಗೆ ಅವನನ್ನು ಕಂಡರೆ ಮೊದಲೇ ಆಗುತ್ತಿರಲಿಲ್ಲ, ಇವನು ಎಂದೂ ನನಗೆ ಒಳ್ಳೆಯದು ನುಡಿಯುವುದಿಲ್ಲ ಅಂತ. ಜೈಲಿಗೆ ಹಾಕಿಸಿದ. ಆಗ ಮೀಕಾಯೆಹು ಹೇಳಿದ ಮಾತಿನ ಅರ್ಥ ಇಷ್ಟು: ನೀನು ಸುರಕ್ಷಿತವಾಗಿ ತಿರುಗಿ ಬಂದರೆ ನಾನು ಆಡಿದ್ದು ದೇವರ ಮಾತಲ್ಲ, ಇದಕ್ಕೆ ಜನರೆಲ್ಲ ಸಾಕ್ಷಿ. ಅಹಾಬ ಬದುಕಿ ಬರಲಿಲ್ಲ. ಆದರೆ ನನಗೆ ಮುಖ್ಯ ಅನ್ನಿಸುವುದು ಕಥೆಯ ಕೊನೆ ಅಲ್ಲ. ತನ್ನ ಮಾತು ಸುಳ್ಳಾದರೆ ಹೇಗೆ ಗೊತ್ತಾಗುತ್ತದೆ ಅಂತ ಅವನು ಮೊದಲೇ, ಎಲ್ಲರೆದುರು ಹೇಳಿದ. ಇವತ್ತು ಭವಿಷ್ಯ ಹೇಳುವ ಒಬ್ಬರ ಬಾಯಿಂದಲಾದರೂ ಇಂಥ ಮಾತು ಕೇಳಿದ್ದೀರಾ?

ಇನ್ನು 14, 15ನೇ ಶತಮಾನದ ಯುರೋಪು. ಫ್ರಾನ್ಸಿನ ಐದನೇ ಚಾರ್ಲ್ಸ್ ರಾಜನಿಗೆ ಜ್ಯೋತಿಷ್ಯ ಅಂದರೆ ಪ್ರಾಣ. ಇಟಲಿಯಿಂದ ತೋಮಾಸ್ ದ ಪಿಜಾನ್ ಎಂಬ ಜ್ಯೋತಿಷಿಯನ್ನು ಕರೆಸಿಕೊಂಡಿದ್ದ (ಪ್ರಸಿದ್ಧ ಲೇಖಕಿ ಕ್ರಿಸ್ಟೀನಳ ತಂದೆ). ಅದೇ ರಾಜನ ವಿಶ್ವಾಸದಲ್ಲಿದ್ದ ಪಾದ್ರಿ ನಿಕೋಲ್ ಒರೆಮ್ ಏನು ಮಾಡಿದ ಗೊತ್ತೇ? ಭವಿಷ್ಯ ಹೇಳಿಸಿಕೊಂಡು ರಾಜ್ಯ ಆಳುವುದರ ವಿರುದ್ಧ ಪುಸ್ತಕ ಬರೆದ. ಪಂಡಿತರ ಲ್ಯಾಟಿನ್ನಿನಲ್ಲಿ ಅಷ್ಟೇ ಅಲ್ಲ, ಲ್ಯಾಟಿನ್ ಬಾರದವರಿಗೂ ತಿಳಿಯಲಿ ಅಂತ ಫ್ರೆಂಚಿನಲ್ಲಿ ಬರೆದ. ರಾಜ ಅವನ ತಲೆ ತೆಗೆಯಲಿಲ್ಲ. ಒರೆಮ್ 1377ರಲ್ಲಿ ಬಿಷಪ್ ಆದ. ಕನ್ನಡದಲ್ಲಿ ಬ್ಲಾಗು ಬರೆಯುವ ನಮಗೆ ಈ ಮನುಷ್ಯ ಹಿರಿಯಣ್ಣ ಅಲ್ಲವೇ? :)

ಅವನ ನಂತರ ಪ್ಯಾರಿಸ್ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವನು ಜೀನ್ ಗೆರ್ಸನ್. ಆಗ ಚರ್ಚಿಗೆ ಒಬ್ಬರಿಗಿಂತ ಹೆಚ್ಚು ಪೋಪ್‌ಗಳು! ಒಬ್ಬೊಬ್ಬರ ಪರವಾಗಿ ಒಬ್ಬೊಬ್ಬರಿಗೆ ದರ್ಶನ. ಗೆರ್ಸನ್ ಒಂದು ಹೋಲಿಕೆ ಕೊಟ್ಟ, ನಿಪ್ಪಾಣಿಯ ಸರಾಫ ಅಂಗಡಿಯಲ್ಲಿ ಕೂತವರಿಗೂ ತಿಳಿಯುವಂಥದ್ದು. ದರ್ಶನ ಅಂದರೆ ಬಂಗಾರದ ನಾಣ್ಯ. ತೂಕ ನೋಡು, ಬಾಗುತ್ತದೋ ನೋಡು, ಬಾಳಿಕೆ ನೋಡು, ಅಚ್ಚು ನೋಡು, ಬಣ್ಣ ನೋಡು. ತೂಕ ಅಂದರೆ ವಿನಯ, ಬಾಗುವುದು ಅಂದರೆ ವಿವೇಕ, ಬಾಳಿಕೆ ಅಂದರೆ ತಾಳ್ಮೆ, ಅಚ್ಚು ಅಂದರೆ ಸತ್ಯ, ಬಣ್ಣ ಅಂದರೆ ಪ್ರೀತಿ. ಮುಂದೆ 1415ರಲ್ಲಿ ಮತ್ತೊಂದು ಬರಹದಲ್ಲಿ ಪ್ರಶ್ನೆಗಳ ಪಟ್ಟಿಯನ್ನೇ ಕೊಟ್ಟ. ಯಾರಿಗೆ ಕಂಡಿತು, ಏನು ಕಂಡಿತು, ಯಾಕೆ, ಅದನ್ನು ಯಾರಿಗೆ ಹೇಳಿದರು, ಹೇಳಿದವರ ಬದುಕು ಹೇಗಿದೆ, ಮಾತು ಎಲ್ಲಿಂದ ಬಂತು. ಹೆಂಗಸರ ದರ್ಶನಗಳ ಮೇಲೆ ಅವನಿಗೆ ಅತಿಯಾದ ಸಂಶಯ ಇತ್ತು, ಅದು ಅವನ ದೋಷ. ಪ್ರಶ್ನೆಗಳು ಮಾತ್ರ ಇವತ್ತಿಗೂ ಚಲಾವಣೆಯ ನಾಣ್ಯ.

ಮಧ್ಯಯುಗವನ್ನು ನಾನು ಹೊಗಳುತ್ತಿದ್ದೇನೆ ಅಂದುಕೊಳ್ಳಬೇಡಿ. ಪರೀಕ್ಷೆಯ ಹೆಸರಿನಲ್ಲಿ ಅವರು ಮಾಡಿದ ಅನ್ಯಾಯ ಕಡಿಮೆ ಏನಲ್ಲ. 1429ರಲ್ಲಿ ಫ್ರಾನ್ಸ್ ರಾಜನ ಕಡೆಯ ಪಂಡಿತರು ಪೊಯಿಟಿಯೆ ಊರಿನಲ್ಲಿ ಜೋನ್ ಆಫ್ ಆರ್ಕಳನ್ನು ವಾರಗಟ್ಟಲೆ ಪ್ರಶ್ನಿಸಿ, ಇವಳಲ್ಲಿ ಕೆಟ್ಟದ್ದೇನೂ ಕಾಣಲಿಲ್ಲ ಅಂದರು. 1431ರಲ್ಲಿ ಇಂಗ್ಲಿಷರ ಕಡೆಯ ಪಂಡಿತರು ಅವಳನ್ನೇ ಪ್ರಶ್ನಿಸಿ ಸುಟ್ಟರು. 1456ರಲ್ಲಿ ಆ ತೀರ್ಪು ತಪ್ಪು ಅಂತ ರದ್ದು ಮಾಡಿದರು. ಎಲಿಜಬೆತ್ ಬಾರ್ಟನ್ ಎಂಬ ಸನ್ಯಾಸಿನಿ, ಎಂಟನೇ ಹೆನ್ರಿ ಆನ್ ಬೊಲಿನ್‌ಳನ್ನು ಮದುವೆಯಾದರೆ ರಾಜನಾಗಿ ಉಳಿಯುವುದಿಲ್ಲ ಅಂತ ನುಡಿದಳು. ರಾಜ ಉಳಿದ, ಅವಳನ್ನು 1534ರಲ್ಲಿ ಗಲ್ಲಿಗೆ ಹಾಕಿದ. ಗಲ್ಲು, ಬೆಂಕಿ ಯಾವ ನಾಗರಿಕರಿಗೂ ಬೇಡ. ಕರ್ನಾಟಕದಲ್ಲಿ 2017ರಲ್ಲಿ ಪಾಸಾಗಿ 2020ರಲ್ಲಿ ಜಾರಿಗೆ ಬಂದ ಮೌಢ್ಯ ನಿಷೇಧದ ಕಾನೂನಿದೆ, ಅದರ ಮಾತನ್ನೂ ನಾನು ಆಡುತ್ತಿಲ್ಲ. ಪೊಲೀಸರನ್ನು ಕರೆಯುವ ಕೆಲಸ ಅಲ್ಲ ಇದು. ಒಂದು ನೋಟ್‌ಬುಕ್ಕು, ಒಂದು ಪೆನ್ನು ಸಾಕು.

"ಇದರಿಂದ ಯಾರಿಗೆ ಏನು ನಷ್ಟ, ಜನ ಖುಷಿಗೆ ಕೇಳತಾರ" ಅಂತ ಕೇಳುವವರಿದ್ದಾರೆ. ನಷ್ಟ ಇದೆ ಸ್ವಾಮಿ. ನಮ್ಮ ಸಂಬಂಧಿಕರಲ್ಲೇ ಒಬ್ಬ ಮಾಮಾ, ಯಾರೋ ಭವಿಷ್ಯ ಹೇಳುವವರ (ಯಾರು, ಎಲ್ಲಿ ಅಂತ ಬೇಡ) ಮಾತು ಕೇಳಿ ಸೋಯಾಬೀನ್ ಮಾರದೆ ಮನೆಯಲ್ಲಿ ಒಟ್ಟಿದರು. ಧಾರಣಿ ಏರುತ್ತದೆ ಅಂತ. ಏರಲಿಲ್ಲ. ಸೊಸೈಟಿ ಸಾಲದ ಕಂತು ಮಾತ್ರ ತಪ್ಪದೇ ಬಂತು. ಇದ್ದ ರೇಟಿಗಿಂತ ಕಡಿಮೆಗೆ ಮಾರಿ, ಹೇಳಿದವರ ಹತ್ತಿರ ಹೋಗಿ ಕೇಳಿದರೆ ಬಂದ ಉತ್ತರ: "ಏರ್ತದ ಅಂದಿದ್ದೆ, ಯಾವಾಗ ಅಂತ ಹೇಳಿದ್ನೇನೋ ತಮ್ಮಾ?" ಮಾಮಾ ಕೈಮುಗಿದು ಬಂದರು! ಆ ಉತ್ತರದಲ್ಲೇ ಇಡೀ ಶಾಸ್ತ್ರ ಇದೆ ನೋಡಿ. ದಿನ ಇಲ್ಲದ ಭವಿಷ್ಯ ಎಂದೂ ಸುಳ್ಳಾಗುವುದಿಲ್ಲ.

ನೀರಿನ ಮಾತು ಇನ್ನೂ ದೊಡ್ಡದು. ನಮ್ಮದು ದೂಧಗಂಗಾ, ವೇದಗಂಗಾ, ಕೃಷ್ಣೆಯ ಸೀಮೆ. 2005, 2019, 2021ರಲ್ಲಿ ಏನಾಯಿತು ಅಂತ ನಮ್ಮ ಗೋಡೆಗಳಿಗೆ ಗೊತ್ತು. ಜೋರು ಮಳೆಗಾಲ ಬಂತೆಂದರೆ ಕಾರದಗಾ-ಭೋಜ, ಕಲ್ಲೋಳ-ಯಡೂರ, ಸದಲಗಾ-ಬೋರಗಾಂವ ಸೇತುವೆಗಳು ಮುಳುಗುವುದು ಮಾಮೂಲು. ಇಂಥ ಸೀಮೆಯಲ್ಲಿ "ಈ ವರ್ಷ ನೀರಿನಿಂದ ಕಂಟಕ" ಅನ್ನಲಿಕ್ಕೆ ಯಾವ ದಿವ್ಯದೃಷ್ಟಿ ಬೇಕು? ನಮಗೆ ಬೇಕಾದದ್ದು ಬೇರೆ. ಕೊಯ್ನಾದಿಂದ ಎಷ್ಟು ಬಿಟ್ಟರು, ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್ ಬರುತ್ತಿದೆ, ಕಾಳಮ್ಮವಾಡಿ ಎಷ್ಟು ತುಂಬಿದೆ, ಎಮ್ಮೆ ಬಿಚ್ಚಿಕೊಂಡು ಎತ್ತರಕ್ಕೆ ಹೋಗಲಿಕ್ಕೆ ನಮ್ಮ ಕೈಯಲ್ಲಿ ಎಷ್ಟು ತಾಸು ಇದೆ. ಇದನ್ನು ಹೇಳುವವರು ಪ್ರವಾದಿಗಳಲ್ಲ, ಗೇಟಿನ ಹತ್ತಿರ ನಿಂತು ಅಳತೆ ಬರೆದುಕೊಳ್ಳುವ ನೌಕರರು. ಅವರ ಅಂಕಿ ಪೇಪರಿನ ಒಳಪುಟದಲ್ಲಿ ಸಣ್ಣಕ್ಷರದಲ್ಲಿ. ಕಂಟಕದ ಭವಿಷ್ಯ ಮುಖಪುಟದಲ್ಲಿ. ಹೀಗಾದರೆ ಹೇಗ್ರೀ?

"ಹವಾಮಾನದವರು ಹೇಳಿದ್ದೂ ಸುಳ್ಳಾಗ್ತದಲ್ಲೋ" ಅಂತ ಕಾಕಾ ಒಬ್ಬರು ನನ್ನನ್ನು ಕಟ್ಟೆಯ ಮೇಲೆ ಹಿಡಿದರು. ಆಗುತ್ತದೆ, ಯಾರು ಇಲ್ಲ ಅಂದರು? ಆದರೆ ಅವರು ಏಪ್ರಿಲ್‌ನಲ್ಲಿ ಮುಂಗಾರು ವಾಡಿಕೆಯ ಶೇಕಡಾ ಇಷ್ಟು ಅಂತ ಹೇಳುತ್ತಾರೆ, ಶೇಕಡಾ 5 ಆಚೀಚೆ ಆಗಬಹುದು ಅಂತ ಅಲ್ಲೇ ಬರೆಯುತ್ತಾರೆ. ಸೆಪ್ಟೆಂಬರ್ ಮುಗಿದ ಮೇಲೆ ಎಷ್ಟು ತಪ್ಪಿತು ಅಂತ ಲೆಕ್ಕ ಹಾಕಿ ಬೈಯಬಹುದು. ಬೈಯಲಿಕ್ಕೆ ಬರುತ್ತದಲ್ಲ, ಅದೇ ಅದರ ದೊಡ್ಡತನ.

ಇನ್ನೊಂದು ಆಕ್ಷೇಪಣೆ ಇದೆ, ಅದು ಗಟ್ಟಿಯಾದದ್ದು. ಭವಿಷ್ಯವಾಣಿ ಅಂದರೆ ಲೆಕ್ಕಪತ್ರ ಅಲ್ಲ, ಎಚ್ಚರಿಕೆ. ದಾರಿ ಬಿಟ್ಟವರನ್ನು ದಾರಿಗೆ ತರುವ ಮಾತು. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಪ್ರವಾದಿ ಯೋನ ನಿನೆವೆ ಪಟ್ಟಣಕ್ಕೆ ಹೋಗಿ ನಲವತ್ತು ದಿನದಲ್ಲಿ ಊರು ನಾಶ ಅಂದ. ಜನ ಪಶ್ಚಾತ್ತಾಪ ಪಟ್ಟರು, ಊರು ಉಳಿಯಿತು. ನನ್ನ ಮಾತು ಸುಳ್ಳಾಯಿತಲ್ಲ ಅಂತ ಯೋನನಿಗೇ ಸಿಟ್ಟು ಬಂತು! ಥಾಮಸ್ ಅಕ್ವಿನಾಸ್ 13ನೇ ಶತಮಾನದಲ್ಲಿ ಇದನ್ನೆಲ್ಲ ಕೂತು ಬಿಡಿಸಿದ. ಮುಂದೆ ಆಗುವುದನ್ನು ತಿಳಿಸುವ ಪ್ರವಾದನೆ ಬೇರೆ, ಎಚ್ಚರಿಸುವ ಪ್ರವಾದನೆ ಬೇರೆ ಅಂದ. ಎಚ್ಚರಿಕೆ ನಿಜವಾಗದಿದ್ದರೆ ಅದು ಗೆದ್ದಂತೆ.

ಸರಿ, ಹಾಗಾದರೆ ಎಚ್ಚರಿಕೆಯ ಹಾಗೇ ಇರಲಿ. ಯಾರಿಗೆ ಎಚ್ಚರಿಕೆ? ಏನು ಬಿಡಬೇಕು, ಏನು ಮಾಡಬೇಕು? ಹೊಳೆಯ ಮರಳು ಎತ್ತುವುದು ಬಿಡಿ ಅಂತ ಇದೆಯೇ? ಸಾಲ ಮಾಡಿ ಮದುವೆ ಮಾಡಬೇಡಿ ಅಂತ ಇದೆಯೇ? ಇದ್ದರೆ ಆ ಮಾತು ಮನೆಗೆ ತನ್ನಿ, ತಲೆ ಮೇಲೆ ಇಟ್ಟುಕೊಳ್ಳೋಣ. ಆದರೆ ನಮ್ಮ ಪೇಪರು, ಟೀವಿ, ಫಾರ್ವರ್ಡುಗಳಲ್ಲಿ ಉಳಿಯುವುದು ಯಾವ ಪಕ್ಷ ಬರುತ್ತದೆ, ಯಾವ ನಾಯಕ ಬೀಳುತ್ತಾನೆ ಅನ್ನುವುದು ಮಾತ್ರ. ನಿನೆವೆಯವರ ಪಶ್ಚಾತ್ತಾಪ ಯಾರಿಗೂ ಬೇಡ, ಅಹಾಬನ ನಾನೂರು ಮಂದಿ ಎಲ್ಲರಿಗೂ ಬೇಕು. ಚುನಾವಣೆ ಬಂದಾಗ ಯಾವ ಯಾವ ಗಾಡಿಗಳು ಯಾವ ಯಾವ ಬಾಗಿಲಿಗೆ ನಿಲ್ಲುತ್ತವೆ ನೋಡಿದ್ದೀರಲ್ಲ. ಆಸ್ಥಾನಗಳು ಹೋದವು, ಆಸ್ಥಾನದ ಪ್ರವಾದಿಗಳು ಹೋಗಲಿಲ್ಲ.

2020ರಲ್ಲಿ ಕೊರೊನಾ ಬಂದಾಗ "ಇದನ್ನೂ ಮೊದಲೇ ಹೇಳಿದ್ದರು" ಅಂತ ಎಷ್ಟು ಮೆಸೇಜು ಬಂದವು! 2019ರಲ್ಲಿ ಅದೇ ಮಾತನ್ನು ತಾರೀಖು ಹಾಕಿ ಬರೆದಿಟ್ಟ ಒಂದು ಹಾಳೆ ತೋರಿಸಿ ಅಂತ ನಾನು ಗ್ರೂಪಿನಲ್ಲಿ ಕೇಳಿದೆ. ನನ್ನನ್ನು ಗ್ರೂಪಿನಿಂದ ತೆಗೆದರು, ಹಾಳೆ ಮಾತ್ರ ಬರಲಿಲ್ಲ.

ಅದಕ್ಕೇ ಬ್ಲಾಗಿನ ಗೆಳೆಯರಲ್ಲಿ ಒಂದು ಕೇಳಿಕೆ. ನಮಗೆ ಬರೆಯುವ ಚಟ ಹೇಗೂ ಇದೆ. ನಿಮ್ಮ ನಿಮ್ಮ ಊರಿನ ಕಾರ್ಣಿಕ, ಭಾಕಣೂಕ, ಕಾಲಜ್ಞಾನ, ಯುಗಾದಿಯ ಪಂಚಾಂಗ ಶ್ರವಣ, ಯಾವುದೇ ಇರಲಿ, ಹೇಳಿದ ದಿನವೇ ಹೇಳಿದ ಹಾಗೇ ಬರೆದು ತಾರೀಖಿನ ಸಮೇತ ಹಾಕಿ. ಗೇಲಿ ಬೇಡ, ಜಾತ್ರೆಗೆ ಬಂದ ಅಜ್ಜಿಯ ಭಂಡಾರಕ್ಕೆ ನಗುವುದು ಬೇಡ. ಅರ್ಥವನ್ನೂ ನೀವು ಹೇಳಬೇಡಿ. ಅರ್ಥ ಹೇಳುವವರು ಯಾರಾದರೂ ಇದ್ದರೆ ಅವರ ಅರ್ಥವನ್ನೂ ಅದೇ ದಿನ ಬರೆದುಕೊಳ್ಳಿ, ಯಾಕಂದರೆ ಕಳ್ಳ ಅಡಗಿರುವುದು ಅಲ್ಲಿ. ಒಂದು ವರ್ಷ ಸುಮ್ಮನಿರಿ. ಮುಂದಿನ ಜಾತ್ರೆಯ ಹಿಂದಿನ ದಿನ ಅದನ್ನೇ ತೆಗೆದು ಮತ್ತೆ ಹಾಕಿ. ಆದದ್ದು ಆಯಿತು ಅನ್ನಿ, ಆಗದ್ದು ಆಗಲಿಲ್ಲ ಅನ್ನಿ, ಅಷ್ಟೇ. ನಿಜವಾದ ಮಾತಾಗಿದ್ದರೆ ಅದಕ್ಕೆ ಇದರಿಂದ ಏನೂ ನಷ್ಟವಿಲ್ಲ, ಬಂಗಾರ ಒರೆಗಲ್ಲಿಗೆ ಹೆದರುವುದಿಲ್ಲ.

ನಾನು ನಮ್ಮ ಕಡೆಯದನ್ನು ಈ ಸಲ ಬರೆದಿಡುತ್ತೇನೆ. ಮೈಲಾರದ ಕಡೆಯವರು ಯಾರಿದ್ದೀರಿ? ಕೊಡೇಕಲ್ ಕಡೆಯವರು? ಬೈಯುವವರಿಗೂ ಸ್ವಾಗತ, ಕಾಮೆಂಟು ತೆರೆದೇ ಇದೆ. ಬೈಗುಳಕ್ಕೂ ತಾರೀಖು ಬೀಳುತ್ತದೆ, ನೆನಪಿರಲಿ :)